ಜಡಿಮಳೆಗೂ ಕೆಡದ ಒಳಾಂಗಣ: ಮಂಗಳೂರು, ಉಡುಪಿಯ ಮನೆಗಳಿಗೆ ಹಂತಹಂತದ ಮಾರ್ಗದರ್ಶಿ

ಜನವರಿಯಲ್ಲಿ ಒಕ್ಕಲಾದ ಮನೆಗಳಿಂದ ಜುಲೈ ಕೊನೆಯ ಹೊತ್ತಿಗೆ ಕರೆಗಳು ಬರತೊಡಗುತ್ತವೆ. ಟಿವಿ ಹಿಂದಿನ ವಾಲ್‌ಪೇಪರ್ ಅಂಚಿನಿಂದ ಏಳುತ್ತಿದೆ, ಮಲಗುವ ಕೋಣೆಯ ಬಾಗಿಲು ದಾರಂದಕ್ಕೆ ಕಚ್ಚಿಕೊಂಡಿದೆ, ಕಪಾಟು ತೆರೆದರೆ ಮುಗ್ಗಲು ವಾಸನೆ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಬೂಷ್ಟು. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಯಾವ ಪೇಂಟ್ ಹೊಡೆಸಬೇಕಿತ್ತು?"

ಪೇಂಟಿನಲ್ಲಿ ದೋಷವಿರುವುದು ಅಪರೂಪ. ಕೆಲಸದ ಕ್ರಮ ತಪ್ಪಿರುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಊರಿನಲ್ಲಿ ಒಳಾಂಗಣದ ಚೆಲುವು ಒಣ ಗೋಡೆಯಿಂದ ಶುರುವಾಗಬೇಕು. ಬೇರೆ ಊರಿನ ಫ್ಲ್ಯಾಟಿನ ಫೋಟೊ ಮೊಬೈಲಿನಲ್ಲಿ ತೋರಿಸಿ "ಇದೇ ಬೇಕು" ಎನ್ನುವ ಮೊದಲು ನೀರು, ಗಾಳಿ, ಅಳತೆ, ವಿದ್ಯುತ್, ಮರ, ಬಣ್ಣ, ಬಟ್ಟೆ ಎಂಬ ಸಾಲನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಲಂಕಾರದ ವಸ್ತುಗಳು ಈ ಸಾಲಿನ ಕೊನೆಗೆ ಬರುತ್ತವೆ. ಒಂದು ಹಂತ ಹಾರಿದರೆ ಮುಂದಿನ ಹಂತಕ್ಕೆ ಸುರಿದ ಹಣ ನೀರುಪಾಲು.

ತಿಂಗಳುಗಳ ಲೆಕ್ಕ ಮತ್ತು ಕೈಯಲ್ಲಿರಬೇಕಾದ ಸಾಮಾನು

ಮನೆಯ ಪರೀಕ್ಷೆ ಮಳೆಗಾಲದಲ್ಲೇ ಆಗಬೇಕು. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಯಾರೂ ಹೊಸ ಕೆಲಸಕ್ಕೆ ಕೈಹಾಕುವುದಿಲ್ಲ. ಸೋರುವುದನ್ನು ನೋಡಿ ಗುರುತು ಹಾಕಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಹೊರಗಿನ ದುರಸ್ತಿ ಮತ್ತು ವೈರಿಂಗ್. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮರಗೆಲಸ. ಫೆಬ್ರವರಿ, ಮಾರ್ಚ್‌ನಲ್ಲಿ ಬಣ್ಣ. ಮೇ ತಿಂಗಳಲ್ಲಿ ಆರಂಭಿಸಿ ಮಳೆಗೆ ಮುನ್ನ ಮುಗಿಸುತ್ತೇನೆಂದು ಹೊರಟವರ ಬಣ್ಣದ ಕೆಲಸ ಜೂನ್‌ಗೆ ತಳ್ಳಿಹೋಗುತ್ತದೆ, ಒದ್ದೆ ಗೋಡೆಯ ಮೇಲೇ ಪುಟ್ಟಿ ಬೀಳುತ್ತದೆ.

ಐದು ಮೀಟರಿನ ಟೇಪು, ಮೂಲೆಮಟ್ಟ, ರಸಮಟ್ಟ, ಟಾರ್ಚ್, ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅಗಲ ಅಂಟುಪಟ್ಟಿ, ಹಳೆಯ ಪತ್ರಿಕೆಗಳು, ಒಂದು ಅಯಸ್ಕಾಂತ. ಇವುಗಳ ಜೊತೆಗೆ ಗೋಡೆ ಮತ್ತು ಮರದ ತೇವ ಅಳೆಯುವ ಎರಡು ಸೂಜಿಯ ಮೀಟರ್ ಒಂದನ್ನು ಕೊಳ್ಳಿ. ದುಬಾರಿ ಗೊಂಚಲು ದೀಪಕ್ಕೆ ಕೊಡುವ ಹಣದ ಸಣ್ಣ ಪಾಲು ಸಾಕು, ಉಪಕಾರ ಮಾತ್ರ ದೊಡ್ಡದು.

ಹಂತ 1: ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ತೇವದ ಕಲೆ ಎಲ್ಲಿ, ಯಾವ ಆಕಾರದಲ್ಲಿದೆ ಎಂಬುದೇ ಅದರ ಮೂಲವನ್ನು ಹೇಳುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಉದ್ದಕ್ಕೂ ಪಟ್ಟಿಯಂತೆ ಹಬ್ಬಿದ್ದರೆ ಅಡಿಪಾಯದಿಂದ ಪಸೆ ಏರುತ್ತಿದೆ. ಮುರಕಲ್ಲಿನ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ ಇಳಿದಿದ್ದರೆ ಹಲಗೆಯ ಇಳಿಜಾರು ಒಳಮುಖವಾಗಿದೆ ಅಥವಾ ಚೌಕಟ್ಟಿನ ಸಂದು ಬಿಟ್ಟಿದೆ. ಪಡುಗೋಡೆಯಲ್ಲಿ ಅಲ್ಲಲ್ಲಿ ಚುಕ್ಕೆಯಾಗಿದ್ದರೆ ಸಮುದ್ರದ ಕಡೆಯಿಂದ ಗಾಳಿ ಹೊತ್ತು ತಂದ ಇರಚಲು ಗಾರೆಯ ಬಿರುಕಿನಲ್ಲಿ ಇಳಿಯುತ್ತಿದೆ. ಮಾರ್ಚ್ ತಿಂಗಳ ಉರಿಬಿಸಿಲಿನಲ್ಲೂ ಒಣಗದ ಕಲೆ ಕಂಡರೆ ಮಳೆಯನ್ನು ದೂರಬೇಡಿ. ಹಿಂದುಗಡೆ ಸ್ನಾನಗೃಹವೋ ಪೈಪೋ ಇದ್ದೇ ಇರುತ್ತದೆ.

ಅನುಮಾನವಿದ್ದಲ್ಲಿ ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿದೆ. ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ. ಅದಕ್ಕೆ ಮದ್ದು ಗಾಳಿಯ ಓಡಾಟ, ರಾಸಾಯನಿಕವಲ್ಲ. ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ಬೆಳಕನ್ನು ಗೋಡೆಯುದ್ದಕ್ಕೆ ಹರಿಸಿ ನೋಡಿ. ಹಗಲಿನಲ್ಲಿ ನುಣುಪಾಗಿ ಕಂಡ ಗೋಡೆಯ ಮೇಲೆ ಗುಳ್ಳೆಗಳು, ಬಿಳಿಯ ಉಪ್ಪಿನ ಪುಡಿ ಎದ್ದು ಕಾಣುತ್ತವೆ. ಉಪ್ಪು ಹೊರಬರುತ್ತಿರುವ ಗೋಡೆಯ ಮೇಲೆ ಯಾವ ಕಂಪನಿಯ ಬಣ್ಣವೂ ನಿಲ್ಲುವುದಿಲ್ಲ.

ಸ್ನಾನಗೃಹಕ್ಕೆ ಹೊಸ ಟೈಲ್ಸ್ ಹಾಕುವುದಾದರೆ ಜಲನಿರೋಧಕ ಲೇಪದ ನಂತರ, ಟೈಲ್ಸಿಗೆ ಮೊದಲು, ನೀರಿನ ತೂತು ಮುಚ್ಚಿ ಒಂದೆರಡು ಇಂಚು ನೀರು ನಿಲ್ಲಿಸಿ. ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು 24ರಿಂದ 48 ಗಂಟೆ ಕಾದು, ಕೆಳಗಿನ ಮನೆಯ ಸೂರನ್ನೂ ನೋಡಿ ಬನ್ನಿ. ಈ ಪರೀಕ್ಷೆ ಬೇಡವೆನ್ನುವ ಮೇಸ್ತ್ರಿಗೆ ಕೆಲಸ ಕೊಡಬೇಡಿ.

ದುರಸ್ತಿ ಯಾವಾಗಲೂ ಹೊರಗಿನಿಂದ. ನೀರು ಬರುವ ದಾರಿ ಮುಚ್ಚದೆ ಒಳಗಿನಿಂದ ಲೇಪ ಹಚ್ಚಿದರೆ ತೇವ ಪಕ್ಕಕ್ಕೆ ಸರಿದು ಇನ್ನೊಂದು ಕಡೆ ಏಳುತ್ತದೆ. ಕಿಟಕಿ ಹಲಗೆಗೆ ಹೊರಮುಖದ ಇಳಿಜಾರು ಕೊಡಿಸಿ. ಬಿಸಿಲುಮಾಡಿನ ತಳದ ಅಂಚಿನಲ್ಲಿ ನೀರು ತೊಟ್ಟಿಕ್ಕಲು ಒಂದು ಗೀರು ಇರಬೇಕು. ಇಲ್ಲವಾದರೆ ನೀರು ತಳವನ್ನು ಹಿಡಿದು ಗೋಡೆಯವರೆಗೆ ನಡೆದು ಬರುತ್ತದೆ. ಫ್ಲ್ಯಾಟುಗಳಲ್ಲಿ ಹೊರಗೋಡೆ ಸಂಘದ ಜವಾಬ್ದಾರಿ, ಆದ್ದರಿಂದ ಲಿಖಿತ ಮನವಿ ಮೊದಲೇ ಹೋಗಲಿ. ಮುರಕಲ್ಲನ್ನು ಗಾರೆ ಮಾಡದೆ ಹಾಗೇ ತೋರಿಸುವ ಆಸೆಯಿದ್ದರೆ ಮೊದಲು ಸಂದುಗಳನ್ನು ಕೆದಕಿ ಮತ್ತೆ ತುಂಬಿಸಿ, ಬಳಿಕ ಮಳೆನೀರನ್ನು ತಡೆದು ಕಲ್ಲನ್ನು ಉಸಿರಾಡಲು ಬಿಡುವ ಸಿಲೇನ್–ಸಿಲಾಕ್ಸೇನ್ ದ್ರವ ಹಚ್ಚಿಸಿ. ಹೊಳಪಿನ ವಾರ್ನಿಶ್ ಹೊಡೆದರೆ ತೇವ ಒಳಗೇ ಸಿಕ್ಕಿಬಿದ್ದು ಪದರ ಹಪ್ಪಳದಂತೆ ಏಳುತ್ತದೆ.

ಗೆದ್ದಲಿನ ತಪಾಸಣೆಯೂ ಈಗಲೇ. ದಾರಂದದ ಹಿಂದೆ, ಮೆಟ್ಟಿಲಿನ ಕೆಳಗೆ, ನೆಲ ಗೋಡೆ ಸೇರುವಲ್ಲಿ ಮಣ್ಣಿನ ಸಣ್ಣ ಕೊಳವೆಗಳು ಕಂಡರೆ ರಂಧ್ರ ಕೊರೆದು ಔಷಧ ತುಂಬಿಸಬೇಕು. ಕಟ್ಟಿದ ಮನೆಗೆ ಈ ಕೆಲಸ ಹೇಗಿರಬೇಕೆಂದು ಭಾರತೀಯ ಮಾನಕ ಐಎಸ್ 6313ರ ಮೂರನೇ ಭಾಗದಲ್ಲಿದೆ. ಗುತ್ತಿಗೆಯ ಕಾಗದದಲ್ಲಿ ಆ ಸಂಖ್ಯೆ ಬರೆಸಿ. ಕಪಾಟು ನಿಂತ ಮೇಲೆ ಔಷಧ ಹಾಕಿಸಲು ಹೊರಟರೆ ಕಪಾಟನ್ನೇ ಕಳಚಬೇಕಾಗುತ್ತದೆ.

ಅಪಾಯದ ಸೂಚನೆ: "ಪುಟ್ಟಿ ಹಾಕಿದರೆ ಎಲ್ಲ ಮುಚ್ಚಿಹೋಗುತ್ತದೆ" ಎಂಬ ಮಾತು ಕಿವಿಗೆ ಬಿದ್ದೊಡನೆ ಕೆಲಸ ನಿಲ್ಲಿಸಿ. ಹಾಗೆಯೇ ಒಕ್ಕಲಿನ ಮುಹೂರ್ತಕ್ಕಾಗಿ ಹಸಿ ಗಾರೆಯ ಮೇಲೆ ಬಣ್ಣ ಹೊಡೆಸಬೇಡಿ. ಗಾರೆಗೆ ಕನಿಷ್ಠ ನಾಲ್ಕು ವಾರ ಬೇಕು. ಮುಹೂರ್ತ ಬದಲಿಸಲಾಗದಿದ್ದರೆ ಪ್ರೈಮರ್ ಹೊಡೆದ ಬಿಳಿ ಗೋಡೆಯಲ್ಲೇ ಒಕ್ಕಲು ಮುಗಿಸಿ, ಬಣ್ಣ ಆಮೇಲೆ ಹೊಡೆಸಿ. ಹೂವು, ಮಾವಿನ ತೋರಣ, ದೀಪಗಳಿದ್ದರೆ ಬಿಳಿ ಗೋಡೆ ತುಂಬ ಚೆನ್ನಾಗಿಯೇ ಕಾಣುತ್ತದೆ.

ಹಂತ 2: ಗಾಳಿ, ಬಿಸಿಲು ಮತ್ತು ಮನೆಯವರ ರೂಢಿ

ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಎಂಟಕ್ಕೆ ಖಾಲಿ ಕೋಣೆಗಳಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹಗಲು ಗಾಳಿ ಪಡುವಣದ ಕಡಲಿನಿಂದ, ರಾತ್ರಿ ಮೂಡಣದ ನೆಲದಿಂದ ಬೀಸುತ್ತದೆ. ಎದುರುಬದುರು ಕಿಟಕಿಗಳ ನಡುವಿನ ದಾರಿಯಲ್ಲಿ ಎತ್ತರದ ಕಪಾಟು, ಅಡ್ಡ ಪರದೆ ಬಾರದಿರಲಿ. ಅಟ್ಟ ಕಟ್ಟುವ ನೆಪದಲ್ಲಿ ಬಾಗಿಲ ಮೇಲಿನ ಗಾಳಿಕಿಂಡಿ ಮುಚ್ಚುವುದು ನಮ್ಮಲ್ಲಿ ಪದೇಪದೇ ನಡೆಯುವ ತಪ್ಪು. ಬಿಸಿಗಾಳಿ ಹೊರಹೋಗುವ ದಾರಿಯೇ ಅದು.

ನಂತರ ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳಬೇಕಾದ ಪ್ರಶ್ನೆಗಳಿವೆ, ಅಜ್ಜಿಯಿದ್ದರೆ ಅವರನ್ನೇ ಮೊದಲು. ಒದ್ದೆ ಕೊಡೆ, ಚಪ್ಪಲಿ, ಮಳೆಕೋಟು ಎಲ್ಲಿ ಇಳಿಯುತ್ತವೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಎಲ್ಲಿ ಒಣಗುತ್ತದೆ? ಮೀನು ಎಲ್ಲಿ ಶುಚಿ ಮಾಡುತ್ತೀರಿ? ತೆಂಗಿನಕಾಯಿ ಎಲ್ಲಿ ತುರಿಯುತ್ತೀರಿ? ನೆಂಟರು ಬಂದರೆ ಎಷ್ಟು ಹಾಸಿಗೆ ಹಾಸಬೇಕು? ಭೂತದ ಮಂಚವೋ ದೇವರ ಕೋಣೆಯೋ ಅಲ್ತಾರೋ ಎಲ್ಲಿರಬೇಕು?

ಬಟ್ಟೆಯ ಪ್ರಶ್ನೆಗೆ ಉತ್ತರವಿಲ್ಲದ ಮನೆಯಲ್ಲಿ ಮಳೆಗಾಲವಿಡೀ ಊಟದ ಕುರ್ಚಿಗಳ ಬೆನ್ನ ಮೇಲೆ ಅಂಗಿಗಳೇ ಇರುತ್ತವೆ. ಎಷ್ಟೇ ಖರ್ಚು ಮಾಡಿ ಅಲಂಕರಿಸಿದರೂ ಆ ಚಾವಡಿ ಚೆಂದ ಕಾಣಲಾರದು. ಹಿಂಬದಿಯ ಬಾಲ್ಕನಿಯಲ್ಲಿ ಸೂರಿಗೆ ರಾಟೆಯಿಂದ ಏರಿಸಿ ಇಳಿಸುವ ಹಂದರ, ಪಕ್ಕದಲ್ಲಿ ಗೋಡೆಯ ಫ್ಯಾನು, ಇರಚಲು ತಡೆಯುವ ಜಾಲರಿ: ಇಷ್ಟಕ್ಕೆ ನಕ್ಷೆಯಲ್ಲೇ ಜಾಗ ಕೊಡಿ. ಮುಂಬಾಗಿಲ ಹೊರಗೆ, ಜಗಲಿಯಲ್ಲೇ, ಕೊಡೆ ನೇತುಹಾಕಲು ಕೊಕ್ಕೆ ಮತ್ತು ಕೆಳಗೆ ನೀರು ಹರಿದುಹೋಗುವ ಕಲ್ಲಿನ ತಟ್ಟೆ ಇರಲಿ.

ಹಂತ 3: ಅಳತೆಯನ್ನು ನೆಲದ ಮೇಲೆ ಹಾಸಿ ನೋಡಿ

ಕಂಪ್ಯೂಟರಿನ ಮೂರು ಆಯಾಮದ ಚಿತ್ರದಲ್ಲಿ ಎಲ್ಲವೂ ಹಿಡಿಸುತ್ತದೆ. ಅದನ್ನು ನಂಬದೆ ಹಳೆಯ ಪತ್ರಿಕೆಗಳನ್ನು ಜೋಡಿಸಿ ಸೋಫಾ, ಮಂಚ, ಊಟದ ಮೇಜಿನ ಅಳತೆಗೆ ಕತ್ತರಿಸಿ ನೆಲದ ಮೇಲೆ ಹಾಸಿ, ಅವುಗಳ ನಡುವೆ ಎರಡು ದಿನ ಓಡಾಡಿ. ಓಡಾಟದ ದಾರಿಗೆ ಮೂರು ಅಡಿ, ಮಂಚದ ಪಕ್ಕಕ್ಕೆ ಎರಡು ಅಡಿ, ಊಟದ ಕುರ್ಚಿ ಎಳೆದು ಏಳಲು ಮೇಜಿನಂಚಿನಿಂದ ಮೂರು ಅಡಿ, ಸೋಫಾ ಮತ್ತು ಟೀಪಾಯಿಯ ನಡುವೆ 16ರಿಂದ 18 ಇಂಚು ಇಟ್ಟುಕೊಳ್ಳಿ. ಕಪಾಟಿನ ಆಳ ಎರಡು ಅಡಿ; ಮುಂದೆ ನಿಂತು ತೆರೆಯಲು ಇನ್ನೂ ಮೂರು ಅಡಿ.

ಹಳೆಯ ಮನೆಗಳಲ್ಲಿ ಮೂಲೆಗಳು ನೇರವಿರುವುದಿಲ್ಲ. ಪ್ರತಿ ಗೋಡೆಯನ್ನೂ ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದು ಅತಿ ಚಿಕ್ಕ ಸಂಖ್ಯೆಯನ್ನು ಬರೆದುಕೊಳ್ಳಿ. ದೊಡ್ಡ ಸಾಮಾನು ಮೆಟ್ಟಿಲಲ್ಲಿ ತಿರುಗುತ್ತದೆಯೇ, ಲಿಫ್ಟಿನಲ್ಲಿ ಹಿಡಿಸುತ್ತದೆಯೇ ಎಂದು ಆರ್ಡರ್ ಕೊಡುವ ಮೊದಲೇ ನೋಡಿ.

ಹಂತ 4: ವಿದ್ಯುತ್ ಮತ್ತು ಬೆಳಕು

ಪತ್ರಿಕೆಗಳು ನೆಲದ ಮೇಲಿರುವಾಗಲೇ ಎಲೆಕ್ಟ್ರಿಷಿಯನ್ ಬರಬೇಕು. ಮಂಚದ ತಲೆಬದಿಯ ಸ್ವಿಚ್, ಮಿಕ್ಸಿಯ ಸಾಕೆಟ್, ಇನ್ವರ್ಟರ್ ಜಾಗ ಎಲ್ಲವನ್ನೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಫೋಟೊ ತೆಗೆದಿಡಿ. ಗೀಸರ್, ಓವನ್, ಎಸಿಗಳಿಗೆ 16 ಆಂಪಿಯರ್ ಪಾಯಿಂಟು ಬೇರೆ ಬೇರೆಯಾಗಿರಲಿ. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಕಡ್ಡಾಯ; ಒದ್ದೆ ಕೈ, ಒದ್ದೆ ಗೋಡೆಯ ಊರಿನಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮುಖ್ಯ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ. ಪಡುವಣ ಹೊರಗೋಡೆಯಲ್ಲಿ ಸ್ವಿಚ್ ಪೆಟ್ಟಿಗೆ ಕೊರೆಯದಿರುವುದೇ ಲೇಸು.

ಬೆಳಕಿನಲ್ಲಿ ಜನ ಮಾಡುವ ತಪ್ಪು ಎಂದರೆ ಸೂರಿನ ತುಂಬ ಚುಚ್ಚುವ ಬಿಳಿ ದೀಪಗಳು. ಕೂರುವ, ಮಲಗುವ ಕಡೆ 2,700ರಿಂದ 3,000 ಕೆಲ್ವಿನ್‌ನ (ಬೆಳಕಿನ ಛಾಯೆಯ ಅಳತೆ) ಹಳದಿ ಬೆಳಕು, ಅಡುಗೆ ಮತ್ತು ಓದುವ ಕಡೆ 4,000 ಕೆಲ್ವಿನ್ ಸಾಕು. ಒಂದೇ ಕೋಣೆಯಲ್ಲಿ ಮೂರು ಬಗೆಯ ಬಿಳಿ ಬೆರೆಯದಿರಲಿ. ಊಟದ ಮೇಜಿನ ಮೇಲಿನ ತೂಗುದೀಪದ ತಳ ಮೇಜಿನಿಂದ 30ರಿಂದ 34 ಇಂಚು ಎತ್ತರದಲ್ಲಿದ್ದರೆ ಎದುರಿಗೆ ಕೂತವರ ಮುಖಕ್ಕೆ ಅಡ್ಡ ಬರುವುದಿಲ್ಲ. ಮೋಡ ಕವಿದು ಮಧ್ಯಾಹ್ನವೇ ಮಬ್ಬಾಗುವ ದಿನಗಳಿಗೆ ಮೂಲೆಯಲ್ಲೊಂದು ನಿಲುದೀಪ ಇಡಿ. ಆ ಒಂದೇ ದೀಪದಿಂದ ಕೋಣೆಯ ಮನೋಭಾವ ಬದಲಾಗುತ್ತದೆ.

ಫಾಲ್ಸ್ ಸೀಲಿಂಗ್ ಬೇಕೆನ್ನುವವರು ಒಂದು ಮಳೆಗಾಲ ಸೂರು ಒಣಗಿದ್ದುದನ್ನು ಕಣ್ಣಾರೆ ಕಂಡ ಮೇಲೆ ಮಾಡಿಸಿ. ಸಾಮಾನ್ಯ ಜಿಪ್ಸಮ್ ಬದಲು ತೇವ ತಾಳುವ ಹಸಿರು ಹಾಳೆ ಕೇಳಿ. ಹಂಚಿನ ಮಾಡಿನ ಮನೆಯಲ್ಲಿ ಹಂಚು ಹೊರುವ ಮರದ ಪಕಾಸು, ರೀಪುಗಳನ್ನು ಜಿಪ್ಸಮ್ಮಿನಿಂದ ಮುಚ್ಚುವುದನ್ನು ನಾನಂತೂ ಒಪ್ಪುವುದಿಲ್ಲ. ಅಷ್ಟು ಸೊಗಸಾದ ಸೂರು ಯಾವ ಅಂಗಡಿಯಲ್ಲೂ ಸಿಗದು.

ಹಂತ 5: ಮರಗೆಲಸ

ಬಜೆಟ್ಟಿನ ದೊಡ್ಡ ಪಾಲು ಇಲ್ಲಿಗೇ ಹೋಗುತ್ತದೆ, ಮಳೆಗಾಲ ಮೊದಲು ಪರೀಕ್ಷಿಸುವುದೂ ಇದನ್ನೇ. ಅಡುಗೆಮನೆ, ಸ್ನಾನಗೃಹದ ಆಸುಪಾಸು ಮತ್ತು ಹೊರಗೋಡೆಗೆ ತಾಗುವ ಕಪಾಟುಗಳಿಗೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಇರಲಿ. ಹಾಳೆಯ ಮೇಲೇ ಐಎಸ್‌ಐ ಮುದ್ರೆ, ಸಂಖ್ಯೆ, ಪರವಾನಗಿ ಸಂಖ್ಯೆ ಅಚ್ಚಾಗಿರಬೇಕು. ಬಿಲ್ಲಿನಲ್ಲಿ 'ವಾಟರ್‌ಪ್ರೂಫ್' ಎಂದು ಬರೆದುಕೊಟ್ಟರೆ ಸಾಲದು. ತುಂಡೊಂದನ್ನು ಮನೆಯಲ್ಲಿ ಕೆಲವು ಗಂಟೆ ಕುದಿಸಿ ನೋಡಿ. ಪದರ ಬಿಟ್ಟರೆ ಇಡೀ ಲೋಡು ವಾಪಸು. ಮರದ ಚೂರು, ನಾರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ನಮ್ಮ ಹವೆಗೆ ಹೇಳಿದ್ದಲ್ಲ. ಅಂಚಿನಲ್ಲಿ ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದೇ ಇಲ್ಲ.

ಪ್ಲೈವುಡ್ ಎಷ್ಟೇ ಉತ್ತಮವಾಗಿದ್ದರೂ ಕತ್ತರಿಸಿದ ಅಂಚು ಬೆತ್ತಲೆಯಾಗಿದ್ದರೆ ವ್ಯರ್ಥ. ಕಾಣುವ ಅಂಚಿಗೆ ಪಟ್ಟಿ ಅಂಟಿಸಿ ಕಾಣದ ಅಂಚನ್ನು ಹಾಗೇ ಬಿಡುವುದು ಎಲ್ಲೆಡೆ ನಡೆಯುತ್ತದೆ. ಕಪಾಟಿನ ತಳ, ಬೆನ್ನು, ಸಿಂಕಿನ ಪೈಪಿಗಾಗಿ ಕೊರೆದ ತೂತಿನ ಒಳಸುತ್ತು, ಎಲ್ಲಕ್ಕೂ ಸೀಲರ್ ಬೇಕು. ಹಾಳೆಯ ಒಂದು ಮೈಗೆ ಮಾತ್ರ ಲ್ಯಾಮಿನೇಟ್ ಅಂಟಿಸಿದರೆ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಒಳಮೈಗೂ ತೆಳು ಲ್ಯಾಮಿನೇಟ್ ಹಾಕಿಸಿ.

ಇನ್ನು ಕೋಣೆಯ ಬಾಗಿಲು. ಆಚಾರಿ ಪಾಲಿಶ್ ಮುಗಿಸಿ ಕೈ ಒರೆಸಿಕೊಂಡ ಮೇಲೆ ನಿಮ್ಮ ಮೊಬೈಲನ್ನು ಕ್ಯಾಮೆರಾ ಮೇಲ್ಮುಖವಾಗಿಟ್ಟು ಬಾಗಿಲಡಿಗೆ ತಳ್ಳಿ ಫೋಟೊ ತೆಗೆಯಿರಿ. ಮುಂಭಾಗ ಕನ್ನಡಿಯಂತೆ ಹೊಳೆಯುತ್ತಿರುವ ಬಾಗಿಲಿನ ತಳದಂಚು ಗರಗಸದ ಗೀರುಗಳೊಂದಿಗೆ ಹಸಿ ಮರದ ಬಣ್ಣದಲ್ಲೇ ಇರುವುದು ಕಾಣುತ್ತದೆ. ಸ್ಟೂಲು ಹತ್ತಿ ಮೇಲಂಚಿನ ಮೇಲೆ ಬೆರಳಾಡಿಸಿದರೆ ಅಲ್ಲೂ ಒರಟು. ಮರದ ನಾರಿನ ತುದಿಗಳು ತೆರೆದುಕೊಂಡಿರುವುದು ಈ ಎರಡು ಅಂಚುಗಳಲ್ಲೇ. ತೇವ ಒಳನುಗ್ಗುವುದೂ ಇಲ್ಲಿಂದಲೇ. ನೆಲ ಒರೆಸಿದಾಗಲೆಲ್ಲ ತಳ ನೀರು ಕುಡಿಯುತ್ತದೆ. ಆರೂ ಮೈಗಳಿಗೆ ಸೀಲರ್ ಮತ್ತು ಪಾಲಿಶ್ ಆದ ಮೇಲೆಯೇ ಬಾಗಿಲು ಬಿಜಾಗರಿಗೆ ಏರಬೇಕು ಎಂದು ಮೊದಲ ದಿನವೇ ಹೇಳಿಬಿಡಿ. ಫೆಬ್ರವರಿಯ ಒಣ ಹವೆಯಲ್ಲಿ ಅಚ್ಚುಕಟ್ಟಾಗಿ ಕೂತ ಬಾಗಿಲು ಜೂನ್‌ನಲ್ಲಿ ಹಿಗ್ಗುತ್ತದೆ, ಆದ್ದರಿಂದ ದಾರಂದದ ಸುತ್ತ ಸುಮಾರು 3 ಮಿಲಿಮೀಟರ್ ಸಂದು ಬಿಡಿಸಿ. ಗಟ್ಟಿ ಮರ ಬಳಸುವುದಾದರೆ ತೇವದ ಮೀಟರು ಸುಮಾರು 12ರಿಂದ 15 ಶೇಕಡಾ ತೋರಿಸುವವರೆಗೆ ಕಾಯಿರಿ. ನಮ್ಮ ಹಿತ್ತಿಲಿನ ಹಲಸು ಬಣ್ಣದಲ್ಲೂ ಬಾಳಿಕೆಯಲ್ಲೂ ತೇಗಕ್ಕೆ ಸಡ್ಡು ಹೊಡೆಯಬಲ್ಲ ಮರ, ಆದರೆ ಕಡಿದ ವರ್ಷವೇ ಕೆತ್ತಿಸಬಾರದು.

ಕಪಾಟನ್ನು ಪಡುಗೋಡೆಗೆ ಒರಗಿಸದೆ ಒಳಗೋಡೆಗೆ ಕೊಡಿ. ಬೇರೆ ದಾರಿಯಿಲ್ಲದಿದ್ದರೆ ಬೆನ್ನ ಹಿಂದೆ ಒಂದಿಂಚು ಸಂದು, ಕೆಳಗೆ ನಾಲ್ಕಿಂಚಿನ ಕಾಲು, ಬಾಗಿಲಿನ ಮೇಲೂ ಕೆಳಗೂ ಗಾಳಿಗೆ ಕಿಂಡಿ ಇರಲಿ. ಸಂದು ಬಿಟ್ಟು ಪಟ್ಟಿಗಳನ್ನು ಜೋಡಿಸಿದ ದಳಿ ಬಾಗಿಲು ನಮ್ಮ ಮಳೆಗಾಲಕ್ಕೆ ಒಗ್ಗುವ ವಿನ್ಯಾಸ, ನೋಡಲೂ ಚೆಂದ. ಪೂರ್ತಿ ಮುಚ್ಚಿದ ಹೊಳಪು ಬಾಗಿಲಿನ ಹಿಂದೆ ರೇಷ್ಮೆ, ಚರ್ಮ, ಪುಸ್ತಕ ಮೂರೂ ಹಾಳು.

ಬಿಜಾಗರಿ, ಸ್ಕ್ರೂ, ಹಳಿಗಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಕಡಲ ಪಕ್ಕದ ಉಳ್ಳಾಲ, ಪಣಂಬೂರು, ಕಾಪು, ಮಲ್ಪೆಯಲ್ಲಿ ಬಯಲಿಗೆ ತೆರೆದ ಕಟಕಟೆ, ಕೊಕ್ಕೆಗಳಿಗೆ 316 ಕೇಳಿ. ಅದರಲ್ಲಿರುವ ಮಾಲಿಬ್ಡಿನಮ್ ಉಪ್ಪುಗಾಳಿಯನ್ನು ತಡೆಯುತ್ತದೆ. ಅಯಸ್ಕಾಂತ ಬಲವಾಗಿ ಅಂಟಿಕೊಂಡರೆ ಅದು ಈ ಎರಡೂ ಅಲ್ಲ. ಎರಡರ ನಡುವಿನ ವ್ಯತ್ಯಾಸ ಮಾತ್ರ ಅಯಸ್ಕಾಂತಕ್ಕೆ ತಿಳಿಯದು, ಅದಕ್ಕೆ ಬಿಲ್ಲೇ ಆಧಾರ.

ದರದ ಮಾತು: ಚದರ ಅಡಿಗೆ ಇಷ್ಟು ಎಂದಾಗ ಮುಂಭಾಗದ ವಿಸ್ತೀರ್ಣವೋ, ಒಳಗಿನ ಹಲಗೆಗಳೂ ಸೇರಿಯೋ ಎಂದು ಕೇಳಿ. ಕಡಿಮೆ ದರ ಹೇಳಿದವರ ಒಟ್ಟು ಮೊತ್ತ ಹೆಚ್ಚಾಗುವುದು ಈ ಸಂದಿನಲ್ಲೇ. ಪ್ಲೈ, ಲ್ಯಾಮಿನೇಟ್, ಬಿಜಾಗರಿಯ ಹೆಸರು, ದರ್ಜೆ, ದಪ್ಪ ಎಲ್ಲವೂ ಕಾಗದದಲ್ಲಿರಲಿ.

ಹಂತ 6: ಅಡುಗೆಮನೆ

ಕುಚ್ಚಲಕ್ಕಿ ಬೇಯುವ ಮನೆಯ ಅಡುಗೆಕೋಣೆಯಲ್ಲಿ ಹಬೆ ಜಾಸ್ತಿ. ಒಲೆಯ ಅಕ್ಕಪಕ್ಕದ ಮೇಲ್ಕಪಾಟಿನ ತಳವನ್ನು ಮುಟ್ಟಿ ನೋಡಿದರೆ ತಿಳಿಯುತ್ತದೆ: ಅಂಟು ಮೊದಲು ಬಿಡುವುದು ಅಲ್ಲಿಯೇ. ಹೊರಗೆ ಕೊಳವೆಯಿರುವ ಚಿಮಣಿಯೇ ಬೇಕು. ಗಾಳಿಯನ್ನು ಸೋಸಿ ಕೋಣೆಗೇ ಮರಳಿಸುವ ಚಿಮಣಿ ಹಬೆಯನ್ನೂ ಮರಳಿಸುತ್ತದೆ. ಎತ್ತರ ತಯಾರಕರು ಹೇಳಿದಷ್ಟು, ಸಾಮಾನ್ಯವಾಗಿ ಒಲೆಯಿಂದ 26ರಿಂದ 30 ಇಂಚು.

ಕಟ್ಟೆಯ ಎತ್ತರವನ್ನು ನಿತ್ಯ ಅಡುಗೆ ಮಾಡುವವರ ಮೊಣಕೈಯಿಂದ ನಿರ್ಧರಿಸಿ. ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿದ್ದರೆ ಭುಜ ನೋಯುವುದಿಲ್ಲ. ಸಿಂಕಿನ ಕೆಳಗೆ ಪ್ಲೈವುಡ್ ಬೇಡ. ಗ್ರಾನೈಟ್, ಕಡಪ ಕಲ್ಲು ಅಥವಾ ಫೆರೋಸಿಮೆಂಟ್ (ತಂತಿಬಲೆ ಹುದುಗಿದ ತೆಳು ಸಿಮೆಂಟ್) ಹಲಗೆಗೆ ಅಲ್ಯೂಮಿನಿಯಂ ಬಾಗಿಲು ಕೊಟ್ಟರೆ ನಿಶ್ಚಿಂತೆ. ಗ್ಯಾಸ್ ಸಿಲಿಂಡರ್ ಇಡುವ ಕಪಾಟಿಗೆ ನೆಲಮಟ್ಟದಲ್ಲಿ ಗಾಳಿಕಿಂಡಿ ಇರಲೇಬೇಕು, ಏಕೆಂದರೆ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಮಡುಗಟ್ಟುತ್ತದೆ. ಮೀನು ತೊಳೆಯಲು, ಕಾಯಿ ತುರಿಯಲು ಹಿಂಬಾಗಿಲಾಚೆ ಒಂದು ಕಲ್ಲಿನ ಕಟ್ಟೆ, ನಲ್ಲಿ ಇದ್ದರೆ ಒಳಗಿನ ಅಡುಗೆಮನೆ ಚೊಕ್ಕಟವಾಗಿ ಉಳಿಯುತ್ತದೆ.

ಹಂತ 7: ಬಣ್ಣ

ಮರಗೆಲಸದ ಧೂಳು ಅಡಗಿದ ಮೇಲೆಯೇ ಬಣ್ಣ. ಒಂದು ಕೋಟು ಮೊದಲೇ ಹೊಡೆದಿದ್ದರೂ ಕೊನೆಯ ಕೋಟು ಎಲ್ಲರೂ ಹೊರಟ ಬಳಿಕ. ತೇವದ ಮೀಟರಿನಿಂದ ಇನ್ನೊಮ್ಮೆ ಗೋಡೆ ಪರೀಕ್ಷಿಸಿ. ಬೂಷ್ಟಿನ ಗುರುತಿದ್ದಲ್ಲಿ ಶಿಲೀಂಧ್ರನಾಶಕ ದ್ರವದಿಂದ ತೊಳೆದು ಒಣಗಿಸದೆ ಪ್ರೈಮರ್ ಹಚ್ಚಬೇಡಿ.

ಬಣ್ಣದ ಪುಸ್ತಕದ ಬೆರಳಗಲದ ಚೌಕ ನೋಡಿ ಆಯ್ಕೆ ಮಾಡುವುದು ದೊಡ್ಡ ತಪ್ಪು. ಎರಡಡಿ ಚದರದ ಹಲಗೆಗೆ ಎರಡು ಕೋಟು ಹಚ್ಚಿ ಕೋಣೆಯ ಬೇರೆ ಬೇರೆ ಗೋಡೆಗೆ ಒರಗಿಸಿ ಬೆಳಿಗ್ಗೆ, ಸಂಜೆ, ದೀಪದ ಬೆಳಕಿನಲ್ಲಿ ನೋಡಿ. ನಮ್ಮಲ್ಲಿ ವರ್ಷದ ನಾಲ್ಕು ತಿಂಗಳು ಕಿಟಕಿಯಿಂದ ಬರುವುದು ಮೋಡದ ಬೂದು ಮತ್ತು ತೋಟದ ಹಸಿರು ಬೆರೆತ ಬೆಳಕು. ಪಟ್ಟಣದ ಫೋಟೊದಲ್ಲಿ ಮುದ್ದಾಗಿ ಕಂಡ ತಣ್ಣನೆಯ ಬೂದು ಬಣ್ಣ ಇಲ್ಲಿ ಮಂಕಾಗುತ್ತದೆ. ತುಸು ಹಳದಿ ಅಥವಾ ಮಣ್ಣಿನ ಛಾಯೆಯಿರುವ ಬಿಳಿ, ತೆಂಗಿನ ತಿರುಳಿನ ಬಿಳಿ, ಸುಣ್ಣದ ಬಿಳಿ ಚೆನ್ನಾಗಿ ಹೊಂದುತ್ತವೆ.

ಸುಮಾರು 60 ಪಾಲು ಮುಖ್ಯ ಬಣ್ಣ, 30 ಪಾಲು ಜೊತೆಯ ಬಣ್ಣ, 10 ಪಾಲು ಎದ್ದುಕಾಣುವ ಬಣ್ಣ ಎಂಬ ಲೆಕ್ಕ ಒಳಾಂಗಣ ವಿನ್ಯಾಸದಲ್ಲಿ ಬಳಕೆಯಲ್ಲಿದೆ. ಅದನ್ನು ಪಾಲಿಸುವಾಗ ನೆಲವನ್ನೂ ಬಣ್ಣವೆಂದೇ ಎಣಿಸಿ. ರೆಡ್ ಆಕ್ಸೈಡ್ ನೆಲ, ಕಂದು ಕಿಟಕಿ, ಹಂಚಿನ ಮಾಡು ಇರುವ ಮನೆಯಲ್ಲಿ 30 ಪಾಲು ಆಗಲೇ ತುಂಬಿಹೋಗಿದೆ. ಮತ್ತೊಂದು ಗಾಢ ಬಣ್ಣದ ಗೋಡೆ ಸೇರಿಸಿದರೆ ಉಸಿರು ಕಟ್ಟುತ್ತದೆ. ವಾಲ್‌ಪೇಪರ್ ಬೇಕೇ ಬೇಕೆಂದರೆ ಒಳಗೋಡೆಗೆ ಮಾತ್ರ ಹಾಕಿಸಿ.

ಹಂತ 8: ಪೀಠೋಪಕರಣ, ಬಟ್ಟೆ, ಅಲಂಕಾರ

ಸೋಫಾಕ್ಕೆ ಆರಿಂಚಿನ ಕಾಲು ಮತ್ತು ಕಳಚಿ ಒಗೆಯಬಹುದಾದ ಹೊದಿಕೆ ಇರಲಿ. ರೆಕ್ಸಿನ್ ಕೆಲವೇ ವರ್ಷಗಳಲ್ಲಿ ಸಿಪ್ಪೆಯೇಳುತ್ತದೆ, ಚರ್ಮ ಬೂಷ್ಟು ಹಿಡಿಯುತ್ತದೆ, ದಪ್ಪ ವೆಲ್ವೆಟ್ ಪರದೆ ಮುಗ್ಗುತ್ತದೆ. ಹತ್ತಿ ಮತ್ತು ಲಿನನ್ ಬೇಗ ಒಣಗುತ್ತವೆ. ಪರದೆಯ ಕಂಬಿಯನ್ನು ಕಿಟಕಿಗಿಂತ ಎತ್ತರದಲ್ಲಿ, ಎರಡೂ ಬದಿಗೆ ಆರೇಳು ಇಂಚು ಹೆಚ್ಚಾಗಿ ಹಾಕಿಸಿ. ಪರದೆ ಸರಿಸಿದಾಗ ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ. ಪರದೆ ನೆಲದಿಂದ ಅರ್ಧ ಇಂಚು ಮೇಲೆ ನಿಲ್ಲಲಿ, ಮಳೆಗಾಲದಲ್ಲಿ ಬೆವರುವ ನೆಲಕ್ಕೆ ತಾಗಬಾರದು. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಬೇಡವೇ ಬೇಡ.

2016ರಲ್ಲಿ ಭೌಗೋಳಿಕ ಸೂಚಕ ಪಡೆದ ಉಡುಪಿ ಸೀರೆಯ ಹಗುರ ಕೈಮಗ್ಗದ ಹತ್ತಿ ದಿಂಬಿನ ಹೊದಿಕೆಗೆ, ತೆಳು ಪರದೆಗೆ ಬಹಳ ಸೊಗಸು. ಬಿಸಿಲು ಬೀಳುವಲ್ಲಿ ಹಿಂದೆ ಅಸ್ತರಿ ಕೊಡಿ, ಇಲ್ಲವಾದರೆ ಬಣ್ಣ ಮಾಸುತ್ತದೆ.

ಹಿರಿಯರ ಮನೆಯಿಂದ ಬಂದ ಪತ್ತಾಯ (ಧಾನ್ಯ ತುಂಬಿಡುವ ಮರದ ಪೆಟ್ಟಿಗೆ), ತೂಗುಮಂಚ, ಕಂಚಿನ ಪಾತ್ರೆಗಳಲ್ಲಿ ಕೋಣೆಗೊಂದನ್ನು ಆರಿಸಿ, ಅದರ ಸುತ್ತ ಖಾಲಿ ಜಾಗ ಬಿಡಿ. ಎಲ್ಲವನ್ನೂ ಚಾವಡಿಯಲ್ಲಿ ಜೋಡಿಸಿದರೆ ಯಾವುದೂ ಕಣ್ಣಿಗೆ ಬೀಳದು. ಹಳೆಯ ಮರದ ಸಾಮಾನನ್ನು ಒಳತರುವ ಮೊದಲು ಕೆಳಗೆ ಕಪ್ಪು ಕಾಗದ ಹಾಸಿ ವಾರ ಕಾಲ ಹೊರಗಿಡಿ. ಕಾಗದದ ಮೇಲೆ ಹಿಟ್ಟಿನಂಥ ಪುಡಿ ಬಿದ್ದರೆ ಹುಳು ಇನ್ನೂ ಜೀವಂತ. ಔಷಧವಾಗದೆ ಹೊಸಿಲು ದಾಟಿಸಬೇಡಿ. ಗೋಡೆಯ ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಲಿ, ಚೌಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ರಬ್ಬರಿನ ಗುಂಡಿ ಅಂಟಿಸಿ ಗಾಳಿಯಾಡಲು ಬಿಡಿ.

ಹಂತ 9: ಮೊದಲ ಮಳೆಗಾಲದ ತಪಾಸಣೆ

ಗುತ್ತಿಗೆಯ ಶೇಕಡಾ ಹತ್ತನ್ನು ಮೊದಲ ಮಳೆಗಾಲ ಮುಗಿಯುವವರೆಗೆ ಉಳಿಸಿಕೊಳ್ಳುವ ಷರತ್ತು ಆರಂಭದಲ್ಲೇ ಬರೆಸಿರಬೇಕು. ಜೂನ್ ಎರಡನೇ ವಾರದಿಂದ ವಾರಕ್ಕೊಮ್ಮೆ ಟಾರ್ಚ್ ಹಿಡಿದು ಸುತ್ತು ಹಾಕಿ: ಕಿಟಕಿಯ ಕೆಳಮೂಲೆ, ಕಪಾಟಿನ ಬೆನ್ನು, ಸಿಂಕಿನ ಕೆಳಗು, ಪಡುಗೋಡೆ. ಕಂಡದ್ದನ್ನು ದಿನಾಂಕದೊಂದಿಗೆ ಫೋಟೊ ತೆಗೆದು ಗುತ್ತಿಗೆದಾರರಿಗೆ ಅಂದೇ ಕಳುಹಿಸಿ. ಕಪಾಟಿನ ಬಾಗಿಲುಗಳನ್ನು ದಿನಕ್ಕೊಂದು ಗಂಟೆ ಫ್ಯಾನ್ ಹಾಕಿ ತೆರೆದಿಡಿ.

ಬಾಗಿಲು ಬಿಗಿಯಾದರೆ ಕೂಡಲೇ ಆಚಾರಿಯನ್ನು ಕರೆದು ಅಂಚು ಕೀಸಿಸಬೇಡಿ. ಹಿಗ್ಗಿದಾಗ ಕೀಸಿದ ಬಾಗಿಲು ಬೇಸಗೆಯಲ್ಲಿ ಕುಗ್ಗಿ ಸಂದು ತೋರಿಸುತ್ತದೆ. ಮೇಣದ ಬತ್ತಿ ಉಜ್ಜಿ ನವರಾತ್ರಿಯವರೆಗೆ ಸುಧಾರಿಸಿ. ಮಳೆ ಕಳೆದು ಮರ ಆರಿದ ಮೇಲೂ ತಾಗುತ್ತಿದ್ದರೆ ಆಗ ಕೀಸಿಸಿ, ಹೊಸದಾಗಿ ತೆರೆದ ಅಂಚಿಗೆ ಅದೇ ದಿನ ಸೀಲರ್ ಹಚ್ಚಿಸಿ, ಆಮೇಲೆ ಉಳಿದ ಹಣ ಕೊಡಿ.